ಕನ್ನಡಕ ಬಿಟ್ಟ ವರ್ಷ

ಕಾರ್ತೀಕ ಮಾಸದ ಒಂದು ಬೆಳಿಗ್ಗೆ ಚಂದ್ರಮೋಹನರು ಕನ್ನಡಕ ಹಾಕಿಕೊಳ್ಳದೆಯೇ ಪೇಪರು ಓದಿದರು. ದಪ್ಪಕ್ಷರದ ಸುದ್ದಿಯನ್ನಲ್ಲ, ಒಳಪುಟದ ಮೂಲೆಯಲ್ಲಿ ಇರುವೆಸಾಲಿನ ಹಾಗೆ ಅಚ್ಚಾಗುವ ಟೆಂಡರ್ ನೋಟೀಸನ್ನು. ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದ ರತ್ನಪ್ರಭಾಳಿಗೆ ಅವರ ಕೂಗು ಕೇಳಿಸಿತು. ಅರವತ್ತಾರರ ಗಂಡ ಹಾಗೆ ಕೂಗಿಕೊಂಡರೆ ಹೆಂಡತಿಗೆ ಮೊದಲು ನೆನಪಾಗುವುದು ಹೃದಯಾಘಾತವೇ. ಒಲೆ ಆರಿಸಿ ಓಡಿಬಂದಳು.

“ಏನಾಯ್ತು ರೀ?”

“ಓದ್ತಾ ಇದೀನಿ ಕಣೇ! ನೋಡಿಲ್ಲಿ, ಮೂಗಿನ ಮೇಲೆ ಏನಾದ್ರೂ ಇದೆಯಾ?”

ಏನೂ ಇರಲಿಲ್ಲ. ಇಷ್ಟು ವರ್ಷ ಕನ್ನಡಕ ಒತ್ತಿ ಒತ್ತಿ ಆದ ಎರಡು ಕುಳಿಗಳಿದ್ದವು, ಅಷ್ಟೆ.

“ಒಳ್ಳೇದಾಯ್ತು ಬಿಡಿ,” ಎಂದು ಅವಳು ರವೆಯ ಕಡೆಗೆ ಹೊರಟಳು. ಆಫೀಸಿಗೆ ಹೊತ್ತಾಗುತ್ತಿತ್ತು.

ಚಂದ್ರಮೋಹನರು ಲೆಕ್ಕಪತ್ರ ಇಲಾಖೆಯಲ್ಲಿ ಆಡಿಟರ್ ಆಗಿ ನಿವೃತ್ತರಾದವರು. ಚಿಕ್ಕಂದಿನಿಂದ ಅವರ ಕಣ್ಣು ಬಲು ಚುರುಕು. ಬಸ್ಸು ತಿರುವಿನಲ್ಲಿರುವಾಗಲೇ ಅದರ ನಂಬರು ಹೇಳುತ್ತಿದ್ದರು. ನಲವತ್ತು ದಾಟಿದ ಮೇಲೆ ಎಲ್ಲರಿಗೂ ಬರುವ ಚಾಳೀಸು ಅವರಿಗೂ ಬಂತು. ದೂರದ್ದು ಮೊದಲಿನಂತೆಯೇ ಕಾಣುತ್ತಿತ್ತು, ಹತ್ತಿರದ ಅಕ್ಷರ ಮಾತ್ರ ಕಲಸಿಹೋಗುತ್ತಿತ್ತು. ಓದುವ ಕನ್ನಡಕ ಬಂತು. ಅದನ್ನು ಎಲ್ಲೆಂದರಲ್ಲಿ ಇಟ್ಟು ಮರೆಯುವ ಅಭ್ಯಾಸವೂ ಅದರ ಜೊತೆಗೇ ಬಂತು. ಫ್ರಿಜ್ಜಿನ ಮೇಲೆ, ದೇವರ ಗೂಡಿನಲ್ಲಿ, ಒಂದು ಸಲ ಅಕ್ಕಿ ಡಬ್ಬಿಯೊಳಗೆ. ಹುಡುಕಿಕೊಡುವ ಕೆಲಸ ಹೆಂಡತಿಯದು. ಮದುವೆಯಾದ ಹೊಸದರಲ್ಲಿ ಅವಳು ಬೆಂಗಳೂರಿನಿಂದ ದೆಹಲಿಗೆ ಬಂದು, ಪರೀಕ್ಷೆ ಬರೆದು, ತಾನೂ ಕೇಂದ್ರ ಸರ್ಕಾರದ ಗುಮಾಸ್ತೆಯಾಗಿ ಸೇರಿ, ಈಗ ಸೆಕ್ಷನ್ ಆಫೀಸರ್ ಆಗಿದ್ದಳು. ಸರೋಜಿನಿ ನಗರದ ಹಳೆಯ ಕ್ವಾರ್ಟರ್ಸ್ ಕೆಡವಿ ಕಟ್ಟಿದ ಹೊಸ ಟವರಿನ ಮನೆ ಅವಳ ಹೆಸರಿನಲ್ಲೇ ಸಿಕ್ಕಿತ್ತು. ಮಗಳು ತನ್ವಿಗೆ ಗುರುಗ್ರಾಮದಲ್ಲಿ ಕೆಲಸ. ಗೆಳತಿಯರ ಜೊತೆ ಅಲ್ಲೇ ಇದ್ದುಕೊಂಡು ಭಾನುವಾರ ಮನೆಗೆ ಬರುತ್ತಿದ್ದಳು.

ಕನ್ನಡಕ ಬಿಡಿಸಿದ್ದು ತ್ರಿಫಲ ಎಂದು ಚಂದ್ರಮೋಹನರು ತೀರ್ಮಾನಿಸಿದರು. ಮಳೆಗಾಲದಿಂದ ಅವರು ಟವರಿನ ಹಿಂದಿನ ಪಾರ್ಕಿನಲ್ಲಿ ಏಕನಾಥ್ ಜೀ ಅವರ ಗುಂಪಿಗೆ ಸೇರಿದ್ದರು. ಏಕನಾಥ್ ಜೀ ನಾಗಪುರದ ಕಡೆಯವರು, ಅಂಚೆ ಇಲಾಖೆಯ ನಿವೃತ್ತರು, ಒಳ್ಳೆಯ ಮನುಷ್ಯ. ತ್ರಿಫಲ ನೆನೆಸಿದ ನೀರಿನಲ್ಲಿ ಕಣ್ಣು ತೊಳೆಯುವುದು, ಹೆಬ್ಬೆರಳನ್ನು ಹತ್ತಿರ ದೂರ ಮಾಡುತ್ತಾ ದಿಟ್ಟಿಸುವುದು, ಹುಟ್ಟುವ ಸೂರ್ಯನನ್ನು ಅರೆಗಣ್ಣಿನಿಂದ ನೋಡುವುದು, ಇವು ಅವರ ಪಾಠ. ಚಳಿಗಾಲದ ದೆಹಲಿ ಸೂರ್ಯನನ್ನು ನೋಡುವುದಕ್ಕೆ ಧೈರ್ಯವೇನೂ ಬೇಕಾಗಿರಲಿಲ್ಲ. ಹೊಗೆಯ ಹಿಂದೆ ಅದು ಬೇಯಿಸಿದ ಗೆಣಸಿನ ಬಿಲ್ಲೆಯ ಹಾಗೆ ಮಂಕಾಗಿ ಮೇಲೇಳುತ್ತಿತ್ತು.

ಮರುದಿನ ಪಾರ್ಕಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಔಷಧಿ ಪೊಟ್ಟಣ ತಂದು ಕೊಟ್ಟರು; ಅದರ ಬೆನ್ನಿನ ಮೇಲಿನ ಸಣ್ಣಕ್ಷರವನ್ನು ಚಂದ್ರಮೋಹನರು ಗಟ್ಟಿಯಾಗಿ ಓದಿದರು. ಅದರ ವಿಡಿಯೋ ಕಾಲೊನಿಯ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿತು. ಯುಗಾದಿಗೆ ಕನ್ನಡದವರೆಲ್ಲ ಸೇರಿದಾಗ, ಹೋಳಿಗೆ ಊಟಕ್ಕೆ ಮುಂಚೆ ಅವರಿಂದ ಐದು ನಿಮಿಷ ಮಾತಾಡಿಸಿದರು. ಅವರು ಇಪ್ಪತ್ತು ನಿಮಿಷ ಮಾತಾಡಿದರು. ಆಮೇಲೆ ಮನೆಗೆ ಫೋನುಗಳು ಶುರುವಾದವು. ಎಷ್ಟು ಪುಡಿಗೆ ಎಷ್ಟು ನೀರು, ಯಾವ ಬಟ್ಟೆಯಲ್ಲಿ ಸೋಸಬೇಕು ಎಂದು ಕೇಳಿದರೆ ಅವರು ಫೋನನ್ನು ಹೆಂಡತಿಯ ಕೈಗೆ ಕೊಡುತ್ತಿದ್ದರು. ನೆನೆಸುವುದೂ ಸೋಸುವುದೂ ಬಟ್ಟಲು ತೊಳೆಯುವುದೂ ಅವಳೇ ಆದ್ದರಿಂದ ಆ ವಿದ್ಯೆ ಅವಳಿಗೇ ಗೊತ್ತಿತ್ತು.

“ನೀನೂ ತೊಳ್ಕೋ ಅಂದ್ರೆ ಕೇಳಲ್ಲ. ಆ ಸೋಡಾಬುಡ್ಡಿ ಯಾಕೆ ಬೇಕು ನಿನಗೆ?”

ಅವಳದು ಬೇರೆ ರೀತಿಯ ಕಣ್ಣು. ಕಾಲೇಜಿನಿಂದಲೂ ದೂರದ್ದು ಕಾಣದು. ಐವತ್ತು ದಾಟಿದ ಮೇಲೆ ಕನ್ನಡಕ ಹಾಕಿಕೊಂಡರೆ ಕೈಯಲ್ಲಿರುವ ಕಾಗದ ಓದಲಾಗದು. ಹಣೆಯ ಮೇಲೇರಿಸಿದರೆ ಎದುರಿಗೆ ಬಂದವರ ಮುಖ ಕಾಣದು. ಫೈಲುಗಳೆಲ್ಲ ಕಂಪ್ಯೂಟರಿಗೆ ಹೋದಮೇಲೆ ಇನ್ನೂ ಪೀಕಲಾಟ. ಪರದೆ ಕೂತಿರುವ ದೂರಕ್ಕೆ ಕನ್ನಡಕ ಹಾಕಿದರೂ ಸರಿಯಿಲ್ಲ, ತೆಗೆದರೂ ಸರಿಯಿಲ್ಲ. ಕತ್ತು ಚಾಚಿ, ಗಲ್ಲ ಎತ್ತಿ ನೋಡಿ ನೋಡಿ ಮಧ್ಯಾಹ್ನದ ಹೊತ್ತಿಗೆ ಹುಬ್ಬಿನ ಮೇಲೆ ತಲೆನೋವು ಬಂದು ಕೂರುತ್ತಿತ್ತು. ಒಂದು ದಿನ ಗಂಡನ ಮಾತು ಕೇಳಿ ಅವಳೂ ತ್ರಿಫಲದ ನೀರು ಹಾಕಿಕೊಂಡಳು. ಸಂಜೆಯವರೆಗೆ ಕಣ್ಣು ಉರಿಯಿತು. ಮತ್ತೆ ಆ ತಂಟೆಗೆ ಹೋಗಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಚಂದ್ರಮೋಹನರ ಗೊಣಗಾಟ ಹೆಚ್ಚಾಯಿತು. ಕಾಲೊನಿಯ ದೀಪಗಳಿಗೆ ಕಳಪೆ ಬಲ್ಬು ಹಾಕಿದ್ದಾರೆ ಎಂದರು. ಟಿವಿ ಕೆಟ್ಟಿದೆ ಎಂದು ಕುರ್ಚಿ ಎಳೆದುಕೊಂಡು ಅದರ ಮುಂದೆಯೇ ಕೂತರು. ಒಂದು ಸಂಜೆ ರತ್ನಪ್ರಭಾ ತರಕಾರಿ ಚೀಲ ಹಿಡಿದು ಗೇಟಿನ ಹತ್ತಿರ ಬರುತ್ತಿದ್ದಾಗ ಎದುರಿಗೆ ಬಂದ ಗಂಡ ಅವಳನ್ನು ನೋಡಿಯೂ ನೋಡದವರಂತೆ ಮುಂದೆ ಹೋಗಿಬಿಟ್ಟರು. ಬೆಳಿಗ್ಗೆ ಅಡುಗೆಗೆ ಉಪ್ಪು ಜಾಸ್ತಿಯಾಗಿದ್ದಕ್ಕೆ ಮಾತು ಬೆಳೆದಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡು ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ಕಾರಣ ಹುಡುಕುತ್ತಾ ಕೂರುವಷ್ಟು ಶಕ್ತಿ ಅವಳಲ್ಲಿ ಉಳಿದಿರುತ್ತಿರಲಿಲ್ಲ.

ಅವಳನ್ನು ನಿಜವಾಗಿ ನೋಯಿಸಿದ್ದು ಶರ್ಟಿನ ಮಾತು. ಚಂದ್ರಮೋಹನರಿಗೆ ಬಿಳಿ ಶರ್ಟೇ ಆಗಬೇಕು.

“ಎಲ್ಲಾ ಹಳದಿ ಹಳದಿ ಆಗಿದೆ. ಮೊದಲೆಲ್ಲ ನೀನು ಒಗೆದರೆ ಹಾಲಿನ ಹಾಗಿರೋದು. ಈಗ ಬಟ್ಟೆ ಕಡೆಗೆ ನಿನಗೆ ಗಮನವೇ ಇಲ್ಲ.”

ಅವಳು ಸೋಪಿನ ಪುಡಿ ಬದಲಾಯಿಸಿದಳು. ಬಿಸಿನೀರಿನಲ್ಲಿ ನೆನೆಹಾಕಿದಳು. ಆಮೇಲೆ ನೀಲಿ ಹಾಕತೊಡಗಿದಳು, ಮೊದಲು ನಾಲ್ಕು ಹನಿ, ಆಮೇಲೆ ಮುಚ್ಚಳದ ತುಂಬ. ಅವಳ ಕಣ್ಣಿಗೆ ಶರ್ಟುಗಳು ಚೆನ್ನಾಗಿಯೇ ಕಾಣುತ್ತಿದ್ದವು. ಆದರೆ ಅವಳದೂ ಐವತ್ತಾರರ ಕಣ್ಣು, ಯಾವುದನ್ನು ನಂಬುವುದು? ಒಂದು ಭಾನುವಾರ ತನ್ವಿ ಅಪ್ಪನನ್ನು ನೋಡಿ ನಕ್ಕಳು.

“ಪಪ್ಪಾ, ಯೇ ಕ್ಯಾ ಹೈ? ನಿಮ್ಮ ವೈಟ್ ಶರ್ಟ್ ಪೂರಾ ಸ್ಕೈ-ಬ್ಲೂ ಆಗಿದೆ.”

“ಮೊಬೈಲ್ ನೋಡಿ ನೋಡಿ ನಿನ್ನ ಕಣ್ಣು ಹಾಳಾಗಿದೆ. ನಾಳೆಯಿಂದ ತ್ರಿಫಲ ಶುರು ಮಾಡು,” ಎಂದರು ಅವರು.

ತನ್ವಿ ಅಮ್ಮನ ಮುಖ ನೋಡಿದಳು. ಅಮ್ಮ ಚಪಾತಿ ಲಟ್ಟಿಸುತ್ತಿದ್ದವಳು ತಲೆಯೆತ್ತಲಿಲ್ಲ.

ಶ್ರಾವಣದಲ್ಲಿ ಸೂರ್ಯನಾರಾಯಣ ಬಿದ್ದರು.

ಸೂರ್ಯನಾರಾಯಣ ಚಂದ್ರಮೋಹನರ ಹಳೆಯ ಸ್ನೇಹಿತರು, ಯಾವುದೋ ಇಲಾಖೆಯಲ್ಲಿ ಅನುವಾದಕರಾಗಿದ್ದವರು. ಹೆಂಡತಿ ಸುಮಿತ್ರಾ ಜೊತೆ ಲಕ್ಷ್ಮೀ ನಗರದಲ್ಲಿ ಮೂರನೆಯ ಮಹಡಿಯ ಮನೆ. ಹುಡುಗನಾಗಿದ್ದಾಗಿನಿಂದ ದಪ್ಪ ಕನ್ನಡಕ. ಮೂರು ತಿಂಗಳಿಂದ ಚಂದ್ರಮೋಹನರು ಪ್ರತಿದಿನ ಅವರಿಗೆ ಫೋನು ಮಾಡಿ, ಇವತ್ತು ಎಷ್ಟು ಹೊತ್ತು ಕನ್ನಡಕ ತೆಗೆದಿಟ್ಟೆ, ನೀರು ಹಾಕಿಕೊಂಡೆಯಾ ಎಂದು ವಿಚಾರಿಸುತ್ತಿದ್ದರು. ಆ ಬೆಳಿಗ್ಗೆ ಕನ್ನಡಕ ಇಲ್ಲದೆಯೇ ಹಾಲು ತರಲು ಇಳಿದ ಸೂರ್ಯನಾರಾಯಣರಿಗೆ ಮೆಟ್ಟಿಲಿನ ಕೊನೆ ಕಾಣಲಿಲ್ಲ. ಬಲಗೈ ಮುರಿಯಿತು, ಹಣೆಗೆ ಹೊಲಿಗೆ ಬಿತ್ತು.

ಸುಮಿತ್ರಾ ಫೋನು ಮಾಡಿದ್ದು ರತ್ನಪ್ರಭಾಳಿಗೆ. ದನಿ ಏರಿಸಲಿಲ್ಲ. ಎಲ್ಲ ಹೇಳಿ, ಕೊನೆಗೆ, “ಎಲ್ಲರ ಕಣ್ಣೂ ನಿಮ್ಮ ಯಜಮಾನರ ಕಣ್ಣಿನ ಹಾಗೆ ಇರಲ್ಲ ನೋಡಿ ರತ್ನಪ್ರಭಾ,” ಎಂದರು. ಆ ಮಾತು ಅವಳಿಗೆ ಇಡೀ ದಿನ ಆಫೀಸಿನಲ್ಲಿ ಚುಚ್ಚುತ್ತಲೇ ಇತ್ತು.

ಶನಿವಾರ ಇಬ್ಬರೂ ಮೆಟ್ರೋ ಹಿಡಿದು ನೋಡಲು ಹೋದರು. ಗಾಡಿ ಬದಲಾಯಿಸುವ ಸ್ಟೇಷನ್ನಿನಲ್ಲಿ ಚಂದ್ರಮೋಹನರು ಬೇರೆ ಪ್ಲಾಟ್‌ಫಾರ್ಮಿನ ಕಡೆಗೆ ನಡೆದರು. ಅವಳು ತೋಳು ಹಿಡಿದು ತಿರುಗಿಸಿದಳು. ಲಕ್ಷ್ಮೀ ನಗರದ ಗಲ್ಲಿಯಲ್ಲಿ ಕೋಚಿಂಗ್ ಕ್ಲಾಸಿನ ಹುಡುಗರ ನೂಕುನುಗ್ಗಲಿನಲ್ಲಿ ಅವರು ಅವಳ ಸೆರಗಿನ ತುದಿ ಹಿಡಿದುಕೊಂಡೇ ನಡೆದರು. ಎಷ್ಟೋ ವರ್ಷದಿಂದ ಅವರು ಹಾಗೆ ಹಿಡಿದಿರಲಿಲ್ಲ. ಬೇಸರಕ್ಕೆ ಹಿಡಿದಿದ್ದಾರೆ ಎಂದುಕೊಂಡಳು.

ಮೂರು ಮಹಡಿ ಹತ್ತಿದರು. ಬಾಗಿಲು ತೆರೆದಿತ್ತು. ಒಳಗೆ ಉದ್ದನೆಯ ಕೋಣೆಯಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು. ಬಾಗಿಲ ಬದಿಯ ದಿವಾನದ ಮೇಲೆ ಸೂರ್ಯನಾರಾಯಣ ಕೈಗೆ ಪ್ಲಾಸ್ಟರು ಹಾಕಿಕೊಂಡು ದಿಂಬಿಗೆ ಒರಗಿದ್ದರು. ಎದುರು ಗೋಡೆಯ ಹತ್ತಿರ ಕುರ್ಚಿಯಲ್ಲಿ ಕೆಳಗಿನ ಮನೆಯ ಮನೋಜ್ ಎಂಬಾತ ಚಹಾ ಕುಡಿಯುತ್ತಿದ್ದ. ಚಂದ್ರಮೋಹನರು ದಿವಾನವನ್ನು ದಾಟಿ ನೇರ ಕೋಣೆಯ ಕೊನೆಗೆ ನಡೆದು, ಮನೋಜನ ಭುಜದ ಮೇಲೆ ಕೈಯಿಟ್ಟು, “ನನ್ನಿಂದ ನಿನಗೆ ಹೀಗಾಯ್ತಲ್ಲೋ ಸೂರಿ,” ಎಂದರು.

ಮನೋಜ್ ಚಹಾದ ಲೋಟ ಹಿಡಿದುಕೊಂಡು ಬೆಪ್ಪಾಗಿ ಎದ್ದು ನಿಂತ. “ಅಂಕಲ್‌ಜೀ, ನಾನು ಮನೋಜ್…”

ಯಾರೂ ನಗಲಿಲ್ಲ. ಸುಮಿತ್ರಾ ನೀರಿನ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿನಲ್ಲೇ ನಿಂತರು. ರತ್ನಪ್ರಭಾ ಅವರನ್ನು ನೋಡಿದಳು, ಅವರು ರತ್ನಪ್ರಭಾಳನ್ನು ನೋಡಿದರು. ಗೇಟಿನ ಹತ್ತಿರದ ಆ ಸಂಜೆ, ಟಿವಿಯ ಮುಂದಿನ ಕುರ್ಚಿ, ಸೆರಗಿನ ತುದಿ, ಎಲ್ಲ ಒಟ್ಟಿಗೆ ಅವಳ ತಲೆಗೆ ಬಂದವು.

“ಚಂದ್ರೂ, ಇಲ್ಲಿದೀನಿ ಕಣಯ್ಯಾ,” ಎಂದು ಸೂರ್ಯನಾರಾಯಣ ದಿವಾನದಿಂದ ಮೆಲ್ಲಗೆ ಕರೆದರು.

ಮನೆಗೆ ಬಂದು ಅವಳು ಡಾಕ್ಟರ ಮಾತೆತ್ತಿದರೆ ಚಂದ್ರಮೋಹನರು ಸಿಡುಕಿದರು. “ಮಬ್ಬು ಬೆಳಕಿತ್ತು, ಅದಕ್ಕೇ ಗೊತ್ತಾಗಲಿಲ್ಲ. ಕನ್ನಡಕ ಇಲ್ದೆ ಓದೋನಿಗೆ ಕಣ್ಣಿನ ಡಾಕ್ಟರ್ ಯಾತಕ್ಕೆ? ನಾಲ್ಕು ಜನ ನೋಡಿದ್ರೆ ಏನಂತಾರೆ?”

ಅವಳು ವಾದ ಮಾಡಲಿಲ್ಲ. ಎರಡು ದಿನ ಬಿಟ್ಟು, “ನನ್ನ ತಲೆನೋವು ತಡೆಯೋಕೆ ಆಗ್ತಿಲ್ಲ ರೀ. ಕಣ್ಣು ತೋರಿಸ್ಬೇಕು. ಔಷಧಿ ಹಾಕಿದ್ರೆ ದಾರಿ ಕಾಣಲ್ಲ, ಜೊತೆಗೆ ಬನ್ನಿ,” ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ಬಂದರು. ಆಸ್ಪತ್ರೆಯಲ್ಲಿ ಅವಳು ಇಬ್ಬರ ಹೆಸರನ್ನೂ ಬರೆಸಿದಳು. ಸರದಿಯಲ್ಲಿ ಹೆಸರು ಕೂಗಿದಾಗ ಅವರು ಅವಳನ್ನು ದುರುಗುಟ್ಟಿ ನೋಡಿದರು. ಸುತ್ತ ಜನ ಕೂತಿದ್ದರಿಂದ ಎದ್ದು ಹೋದರು.

ಗೋಡೆಯ ಮೇಲಿನ ಅಕ್ಷರಗಳಲ್ಲಿ ಎಲ್ಲಕ್ಕಿಂತ ಮೇಲಿದ್ದ ದೊಡ್ಡದೊಂದನ್ನು ಬಿಟ್ಟು ಚಂದ್ರಮೋಹನರಿಗೆ ಇನ್ನೇನೂ ಓದಲಾಗಲಿಲ್ಲ. “ಎರಡನೇ ಸಾಲು?” ಎಂದು ಪರೀಕ್ಷೆ ಮಾಡುವಾತ ಮತ್ತೆ ಕೇಳಿದ. ಅವರು ಕಣ್ಣು ಕಿರಿದು ಮಾಡಿ, ಕತ್ತು ಮುಂದೆ ಚಾಚಿ, ಎರಡು ಅಕ್ಷರ ಊಹಿಸಿ ಹೇಳಿದರು. ಎರಡೂ ತಪ್ಪಾಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ರತ್ನಪ್ರಭಾ ನೆಲ ನೋಡಿದಳು.

ಒಳಗಿದ್ದ ಡಾಕ್ಟರು ತನ್ವಿಗಿಂತ ನಾಲ್ಕೈದು ವರ್ಷ ದೊಡ್ಡವಳಿದ್ದಾಳು. ಯಂತ್ರದ ಮುಂದೆ ಕೂರಿಸಿ ಎರಡು ಕಣ್ಣಿಗೂ ಬೆಳಕು ಬಿಟ್ಟು ನೋಡಿ, ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು.

“ಮೋತಿಯಾ ಇದೆ ಅಂಕಲ್, ಎರಡೂ ಕಣ್ಣಲ್ಲಿ ಪೊರೆ ಬಂದಿದೆ. ದೂರದ್ದು ಮಸುಕಾಗಿ ವರ್ಷವಾದರೂ ಆಗಿರಬೇಕು. ಇಷ್ಟು ದಿನ ಯಾಕೆ ಬರಲಿಲ್ಲ?”

“ಮಸುಕೆಲ್ಲಿ? ನಾನು ಕನ್ನಡಕವೇ ಬಿಟ್ಟಿದ್ದೀನಿ. ಪೇಪರು ಓದ್ತೀನಿ.”

“ಹೌದು, ಓದ್ತೀರಿ.” ಅವಳು ಆಶ್ಚರ್ಯಪಡಲಿಲ್ಲ. “ಕಣ್ಣೊಳಗಿನ ಲೆನ್ಸು ವಯಸ್ಸಾದ ಹಾಗೆ ಗಟ್ಟಿಯಾಗ್ತಾ ಹೋಗುತ್ತೆ. ನಲವತ್ತರ ನಂತರ ಹತ್ತಿರದ್ದು ಕಾಣದೇ ಹೋಗೋದು ಅದಕ್ಕೇ. ಆಮೇಲೆ ಕೆಲವರಿಗೆ ಅದರ ನಡುಭಾಗ ಇನ್ನೂ ದಟ್ಟವಾಗಿ ಹಳದಿಗೆ ತಿರುಗುತ್ತೆ. ಆಗ ಕಣ್ಣಿನ ಪವರ್ರು ಮೈನಸ್ ಕಡೆಗೆ ಜಾರುತ್ತೆ. ದೂರದ್ದು ಹೋಗುತ್ತೆ, ಹತ್ತಿರದ್ದು ವಾಪಸ್ ಬಂದ ಹಾಗೆ ಆಗುತ್ತೆ. ವಾರಕ್ಕೆ ಒಬ್ಬರಾದರೂ ಬಂದು ನನಗೆ ಹೇಳ್ತಾರೆ, ಚಶ್ಮಾ ಬಿಟ್ಟೋಯ್ತು ಅಂತ.”

“ಹಾಗಾದ್ರೆ ತ್ರಿಫಲ?”

“ಅದು ಏನೂ ಮಾಡಿಲ್ಲ ಅಂಕಲ್.”

“ನಾನು ಓದಿದ್ದು?”

“ಓದಿದ್ದು ನಿಜವೇ. ಕಾರಣ ಬೇರೆ, ಅಷ್ಟೆ. ಇನ್ನು ಸ್ವಲ್ಪ ದಿನ ಹೋದ್ರೆ ಅದೂ ಕಾಣಲ್ಲ. ಸೂರ್ಯನನ್ನು ನೋಡೋದು ಮಾತ್ರ ಇವತ್ತೇ ಬಿಡಿ, ಒಳಗಿನ ಪರದೆ ಸುಟ್ಟುಹೋದ್ರೆ ಯಾವ ಆಪರೇಷನ್ನೂ ಉಪಯೋಗಕ್ಕೆ ಬರಲ್ಲ.” ಡಾಕ್ಟರು ಚೀಟಿ ಬರೆಯುತ್ತಾ ರತ್ನಪ್ರಭಾಳ ಕಡೆಗೆ ತಿರುಗಿದಳು. “ಆಂಟೀ, ಅಂಕಲ್‌ಗೆ ಬಣ್ಣ ಎಲ್ಲ ಹಳದಿಯಾಗಿ ಕಾಣ್ತಿತ್ತು, ನಿಮಗೆ ಹೇಳಲಿಲ್ವಾ?”

ರತ್ನಪ್ರಭಾ ಗಂಡನ ಶರ್ಟಿನ ನೀಲಿ ಕಾಲರನ್ನೇ ನೋಡಿದಳು.

ಅವಳ ಕಣ್ಣನ್ನೂ ನೋಡಿದ ಡಾಕ್ಟರು ಬೈದಳು. ದೂರದ ನಂಬರು, ಹತ್ತಿರದ ನಂಬರು, ಓರೆ ನಂಬರು ಎಲ್ಲವೂ ಬದಲಾಗಿದ್ದವು. ಹಿಂದಿನ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದರೆ ಅವಳಿಗೆ ನೆನಪಾಗಲಿಲ್ಲ. “ಎಲ್ಲ ದೂರಕ್ಕೂ ಆಗೋ ಒಂದೇ ಕನ್ನಡಕ ಮಾಡಿಸ್ಕೊಳ್ಳಿ. ತಲೆನೋವಿಗೆ ಮಾತ್ರೆ ನುಂಗೋದು ಬಿಡಿ,” ಎಂದು ಚೀಟಿ ಕೊಟ್ಟಳು. ಅದು ಪರ್ಸಿನೊಳಗೆ ಹೋಯಿತು.

ವಾಪಸಾಗುವಾಗ ಆಟೋದಲ್ಲಿ ಚಂದ್ರಮೋಹನರು ಬಹಳ ಹೊತ್ತು ಹೊರಗೆ ನೋಡುತ್ತಾ ಕೂತರು. ಔಷಧಿ ಹಾಕಿದ್ದರಿಂದ ಅವರಿಗೆ ಏನೂ ಕಾಣುತ್ತಿರಲಿಲ್ಲ. ರತ್ನಪ್ರಭಾ ಆಡಬೇಕೆಂದು ಒಳಗೊಳಗೇ ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದಳು. ನಾನು ಅವತ್ತೇ ಹೇಳಲಿಲ್ವಾ, ಹಳದಿ ಇದ್ದದ್ದು ಶರ್ಟಲ್ಲೋ ಕಣ್ಣಲ್ಲೋ, ಸೂರ್ಯನಾರಾಯಣರ ಕೈಗೆ ಯಾರು ಜವಾಬ್ದಾರಿ. ಈಗ ಅವುಗಳಲ್ಲಿ ಒಂದನ್ನೂ ಎತ್ತಿ ಹೊರಗೆ ಹಾಕಲು ತ್ರಾಣವಿರಲಿಲ್ಲ.

“ಮಂಡಿ ಹೋಯ್ತು, ಹಲ್ಲು ಹೋಯ್ತು,” ಎಂದರು ಅವರು, ಇನ್ನೂ ಹೊರಗೆ ಮುಖಮಾಡಿಕೊಂಡೇ. “ಮೈಯಲ್ಲಿ ಒಂದಾದ್ರೂ ಹಿಂದಕ್ಕೆ ತಿರುಗಿತಲ್ಲ ಅಂತ ಖುಷಿಯಾಗಿತ್ತು ಕಣೇ.”

ಆಟೋದವನು ಏನೋ ಕೇಳಿದ. “ಭಯ್ಯಾ, ಸೀದಾ ಚಲೋ,” ಎಂದಳು ರತ್ನಪ್ರಭಾ. ಸ್ವಲ್ಪ ಹೊತ್ತಿನ ಮೇಲೆ ಗಂಡನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡಳು.

ದಸರಾ ಮುಗಿದ ಮೇಲೆ ಬಲಗಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ತೆಗೆದು ಮನೆಗೆ ಕರೆತಂದಳು. ಚಂದ್ರಮೋಹನರು ಬಾಲ್ಕನಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ಆಕಾಶ ನೋಡಿದರು. ಎದುರಿನ ಟವರು ನೋಡಿದರು. ಆಮೇಲೆ ಹಗ್ಗದ ಮೇಲೆ ಒಣಗುತ್ತಿದ್ದ ತಮ್ಮ ಶರ್ಟುಗಳನ್ನು ನೋಡಿದರು.

“ಇದೇನೇ ಇದು? ಎಲ್ಲಾ ನೀಲಿ!”

“ನೀವೇ ಹಾಕಿಸಿದ್ದು.”

“ನಾನು ಇದನ್ನೇ ಹಾಕ್ಕೊಂಡು ಯುಗಾದಿಗೆ ಮಾತಾಡಿದ್ನಾ?”

“ಅವತ್ತು ಇಷ್ಟಿರಲಿಲ್ಲ. ಆಮೇಲೆ ಜಾಸ್ತಿಯಾಯ್ತು.”

ಅವರು ಒಂದು ಶರ್ಟನ್ನು ಬಲಗಣ್ಣಿಗೊಮ್ಮೆ ಎಡಗಣ್ಣಿಗೊಮ್ಮೆ ಹಿಡಿದು ನೋಡುವುದನ್ನು ಕಂಡು ಅವಳಿಗೆ ನಗು ಬಂತು. ಬಂದ ನಗು ನಿಲ್ಲಲಿಲ್ಲ. ಬಾಲ್ಕನಿಯ ಕಂಬಿ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವರೂ ಪೆಚ್ಚುಪೆಚ್ಚಾಗಿ ನಕ್ಕರು. ಆಮೇಲೆ ಅವರ ನಗು ನಿಂತಿತು. ಹತ್ತಿರ ಬಂದು ಅವಳ ಮುಖವನ್ನು ಹೊಸ ಕಣ್ಣಿನಿಂದ ನೋಡಿದರು.

“ಕಣ್ಣಿನ ಕೆಳಗೆ ಇಷ್ಟು ಕಪ್ಪು ಯಾವಾಗ ಆಯ್ತೇ?”

“ಆಗಿ ಬಹಳ ದಿನ ಆಯ್ತು,” ಎಂದು ಅವಳು ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಇನ್ನು ಪಾರ್ಕಿನವರಿಗೆ ಹೇಳಬೇಕಿತ್ತು. ಹೇಳದಿದ್ದರೆ ಇನ್ನೊಬ್ಬರು ಬೀಳುತ್ತಾರೆ ಎಂದು ಅವರೇ ಅಂದರು. ಒಂದು ಬೆಳಿಗ್ಗೆ ಕಪ್ಪು ಕನ್ನಡಕ ಹಾಕಿಕೊಂಡು ಹೋದರು. ಎರಡು ದಿನ ಮುಂಚಿನಿಂದ ಮಾತುಗಳನ್ನು ಜೋಡಿಸಿಕೊಂಡಿದ್ದರು. ಬೇಗ ವಾಪಸು ಬಂದು ಸೋಫಾದ ಮೇಲೆ ಕೂತರು.

“ಹೇಳಿದ್ರಾ?”

“ಹೇಳಿದೆ. ಯಾರೂ ಕೇಳಲಿಲ್ಲ.”

ಏಕನಾಥ್ ಜೀ ಪ್ರೀತಿಯಿಂದಲೇ, ‘ಭಾಯಿಸಾಬ್, ಕಣ್ಣು ಸರಿಯಾಗ್ತಾ ಇತ್ತು, ಅವಸರಪಟ್ಟು ಕತ್ತರಿ ಹಾಕಿಸಿಬಿಟ್ಟಿರಿ’ ಎಂದರಂತೆ. ಇನ್ನೊಬ್ಬರು ಆಸ್ಪತ್ರೆಯವರ ವ್ಯಾಪಾರ ನಮಗೆ ಗೊತ್ತಿಲ್ವಾ ಎಂದರಂತೆ. ಅಷ್ಟರಲ್ಲಿ ಪಕ್ಕದ ಟವರಿನ ಹೊಸಬರೊಬ್ಬರು ತಮಗೂ ನಿನ್ನೆಯಿಂದ ಕನ್ನಡಕವಿಲ್ಲದೆ ಪೇಪರು ಕಾಣುತ್ತಿದೆ ಎಂದು ಎದ್ದು ನಿಂತರಂತೆ. ಎಲ್ಲರೂ ಅವರಿಗೆ ಚಪ್ಪಾಳೆ ತಟ್ಟಿದರು.

“ಅವರ ಕಿವಿಯಲ್ಲಿ ಹೇಳಿ ಬಂದೆ, ಒಂದು ಸಲ ಡಾಕ್ಟರಿಗೆ ತೋರಿಸಿ ಅಂತ,” ಎಂದರು ಚಂದ್ರಮೋಹನರು. “ನನಗೆ ಹೊಟ್ಟೆಕಿಚ್ಚು ಅಂದ್ಕೊಂಡ್ರು ಅನ್ಸುತ್ತೆ.”

ಸೂರ್ಯನಾರಾಯಣರ ಮನೆಗೆ ಅವರು ಒಬ್ಬರೇ ಹೋದರು. ಆ ದಿನ ರತ್ನಪ್ರಭಾಳಿಗೆ ಆಫೀಸಿತ್ತು. ಸಂಜೆ ಊಟಕ್ಕೆ ಕೂತಾಗ ಅನ್ನ ಕಲಸುತ್ತಾ ಹೇಳಿದರು.

“ಸೂರಿ ಕನ್ನಡಕ ಹಾಕ್ಕೊಂಡೇ ಕೂತಿದ್ದ. ಎಲ್ಲಾ ಹೇಳಿದೆ, ಕ್ಷಮಿಸು ಅಂದೆ. ಅವನು ನಗ್ತಾನೆ. ತ್ರಿಫಲಕ್ಕೆ ನಂಬರ್ ಇಳಿಯುತ್ತೆ ಅಂತ ನಂಬೋಕೆ ನಾನೇನು ಎಳೇ ಮಗುನಾ ಅಂದ.”

“ಮತ್ತೆ ಕನ್ನಡಕ ಯಾಕೆ ತೆಗೆದಿಟ್ಟರಂತೆ?”

“‘ನೀನು ದಿನಾ ಫೋನ್ ಮಾಡಿ ಕೇಳ್ತಿದ್ದೆಯಲ್ಲ, ಇಲ್ಲ ಅಂತ ಹೇಳೋಕೆ ಮನಸ್ಸಾಗಲಿಲ್ಲ. ರಿಟೈರ್ ಆದ್ಮೇಲೆ ನನಗೆ ದಿನಾ ಫೋನ್ ಮಾಡಿದೋನು ನೀನೊಬ್ಬನೇ’ ಅಂದ.”

ರತ್ನಪ್ರಭಾ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಊಟವಾದ ಮೇಲೆ ಚಂದ್ರಮೋಹನರು ಬಾಲ್ಕನಿಗೆ ಹೋಗಿ ಸೂರ್ಯನಾರಾಯಣರಿಗೆ ಫೋನು ಮಾಡಿದರು. ಏನು ಮಾತಾಡಿದರೋ, ಪಾತ್ರೆ ತೊಳೆಯುವ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಬಹಳ ಹೊತ್ತು ಮಾತಾಡಿದರು.

ಎರಡನೆಯ ಕಣ್ಣಿನ ಆಪರೇಷನ್ನಿಗೆ ತನ್ವಿ ರಜೆ ಹಾಕಿ ಬಂದಳು. ಸಂಸತ್ತಿನ ಚಳಿಗಾಲದ ಅಧಿವೇಶನ ಶುರುವಾಗಿತ್ತು. ಸದಸ್ಯರ ಪ್ರಶ್ನೆಗಳಿಗೆ ಉತ್ತರ ಕಳಿಸುವ ಕೆಲಸದಲ್ಲಿ ರತ್ನಪ್ರಭಾಳ ವಿಭಾಗದವರಿಗೆ ತಲೆಯೆತ್ತಲು ಪುರಸೊತ್ತಿರಲಿಲ್ಲ. ಒಂದು ಉತ್ತರದಲ್ಲಿ ಮೂರನ್ನು ಎಂಟೆಂದು ಓದಿ ಅವಳೇ ತಪ್ಪು ಮಾಡಿದಳು. ಮೇಲಧಿಕಾರಿ ಬೈಯಲಿಲ್ಲ. “ಮೇಡಂ, ಕಣ್ಣು ತೋರಿಸಿಕೊಳ್ಳಿ,” ಎಂದ. ಮಗಳ ವಯಸ್ಸಿನ ಹುಡುಗ. ಮನೆಗೆ ಬಂದು ಪರ್ಸಿನಲ್ಲಿ ಡಾಕ್ಟರ ಚೀಟಿ ಹುಡುಕಿದಳು. ಮಡಿಕೆಯಲ್ಲಿ ಸವೆದಿತ್ತು, ಆದರೂ ಓದಲು ಬರುತ್ತಿತ್ತು.

ಕನ್ನಡಕ ಸಿದ್ಧವಾದದ್ದು ಒಂದು ಶನಿವಾರ. ಮಾರುಕಟ್ಟೆಯ ಗದ್ದಲದ ನಡುವೆ ಆ ಚಿಕ್ಕ ಅಂಗಡಿ. ಅಂಗಡಿಯವನು ಅವಳ ಕಿವಿಯ ಹಿಂದೆ ಕಡ್ಡಿ ಸರಿಪಡಿಸಿ, ಕನ್ನಡಿ ಮುಂದಿಟ್ಟ.

“ಮೇಲಿನಿಂದ ದೂರದ್ದು, ನಡುವಿನಿಂದ ಕಂಪ್ಯೂಟರ್, ಕೆಳಗಿನಿಂದ ಓದೋದು. ಬದಿಗೆ ನೋಡಬೇಕಾದ್ರೆ ಕಣ್ಣು ಹೊರಳಿಸಬೇಡಿ ಮೇಡಂ, ಮೂಗು ತಿರುಗಿಸಿ. ಮೆಟ್ಟಿಲು ಇಳಿಯುವಾಗ ತಲೆ ಬಗ್ಗಿಸಿ. ಎರಡು ವಾರ ನೆಲ ತೇಲಿದ ಹಾಗೆ ಅನ್ನಿಸುತ್ತೆ, ಆಮೇಲೆ ಅಭ್ಯಾಸ ಆಗುತ್ತೆ.”

“ಆಗದೇ ಹೋದ್ರೆ?”

“ಆಗುತ್ತೆ ಮೇಡಂ. ಎಲ್ಲರಿಗೂ ಆಗುತ್ತೆ.”

ಹೊರಗೆ ಬಂದಳು. ಅಂಗಡಿಯ ಮುಂದಿನ ಎರಡು ಮೆಟ್ಟಿಲು ಎಡಕ್ಕೆ ವಾಲಿದಂತೆ ಕಂಡವು. ತಲೆ ಬಗ್ಗಿಸಿ, ಗೋಡೆ ಹಿಡಿದು, ಒಂದೊಂದಾಗಿ ಇಳಿದಳು. ಸ್ವೆಟರು ಕೊಳ್ಳಲು ಬಂದ ಜನ ಅವಳ ಎರಡೂ ಪಕ್ಕದಿಂದ ನುಗ್ಗಿ ಹೋಗುತ್ತಿದ್ದರು. ಎದುರಿನ ಬೋರ್ಡಿನ ಅಕ್ಷರ ಚೊಕ್ಕವಾಗಿ ಕಂಡಿತು, ಅದರ ಅಂಚುಗಳು ಮಾತ್ರ ನೀರಿನಲ್ಲಿ ನೋಡಿದಂತೆ ಅಲುಗಿದವು. ಬೇವಿನ ಮರದ ಕಟ್ಟೆ ಖಾಲಿಯಿತ್ತು, ಹೋಗಿ ಕೂತಳು. ಚೀಲದಲ್ಲಿ ಫೋನು ರಿಂಗಾಯಿತು. ತೆಗೆದು ಗಲ್ಲ ಸ್ವಲ್ಪ ಎತ್ತಿ ನೋಡಿದಳು. ಕಣ್ಣು ಕಿರಿದು ಮಾಡದೆಯೇ ಗಂಡನ ಹೆಸರು ಕಂಡಿತು. ಕೊತ್ತಂಬರಿಯೋ ಹಾಲೋ ತರಲು ಹೇಳುತ್ತಾರೆ. ಎತ್ತೋಣ, ಆದರೆ ಈಗಲೇ ಬೇಡ ಎಂದು ಫೋನನ್ನು ಮಡಿಲಿನಲ್ಲಿ ಇಟ್ಟುಕೊಂಡು, ಕಾಲು ಚಾಚಿ, ನೆಲ ಒಂದೆಡೆ ನಿಲ್ಲಲಿ ಎಂದು ಕಾಯುತ್ತಾ ಕೂತಳು.